ಸತ್ತವರ ಕಿಸೆ

ನವೆಂಬರ್ 3, ಸೋಮವಾರ

ಇವತ್ತು ಸೋಮವಾರ ಎಂಬುದನ್ನು ಮಧ್ಯಾಹ್ನದವರೆಗೆ ಮರೆತಿದ್ದೆ. ಕೆಲಸ ಕಳೆದುಕೊಂಡವರ ಪಾಲಿಗೆ ಇದೂ ಒಂದು ಪ್ರಗತಿಯೇ. ವೈಟ್‌ಫೀಲ್ಡಿನ ಕಂಪನಿ ನಮ್ಮ ಟೆಸ್ಟಿಂಗ್ ತಂಡವನ್ನು ಒಂದೇ ವಿಡಿಯೋ ಕರೆಯಲ್ಲಿ ಮನೆಗೆ ಕಳಿಸಿತು. ಅಂದಿನಿಂದ ನನ್ನದು ಎಂದು ಉಳಿದಿರುವುದು ಈ ಯೂಟ್ಯೂಬ್ ಚಾನೆಲ್ ಒಂದೇ. ವಿಡಿಯೋ ಗೇಮ್‌ಗಳ ವಿಮರ್ಶೆ, ಕನ್ನಡದಲ್ಲಿ. ನೋಡುವವರು ಅಷ್ಟಕ್ಕಷ್ಟೆ. ಅವರಲ್ಲೂ ಅರ್ಧ ಜನ ‘ಅಕ್ಕಾ, ಇಂಗ್ಲಿಷಲ್ಲಿ ಮಾಡಿ’ ಎಂದು ಕೆಳಗೆ ಬರೆಯುತ್ತಾರೆ.

ಈ ತಿಂಗಳು ಒಂದು ದೊಡ್ಡ ವಿಡಿಯೋ ಮಾಡಿ ಎಲ್ಲರ ಬಾಯಿ ಮುಚ್ಚಿಸಬೇಕು. ಹೆಸರು: ‘ಪಶ್ಚಿಮವೋ, ಜಪಾನೋ: ದೊಡ್ಡ ಆಟಗಳಲ್ಲಿ ಯಾರು ಬಲ?’ ಸಿನಿಮಾಕ್ಕಿಂತ ಹೆಚ್ಚು ದುಡ್ಡು ಸುರಿದು, ನೂರಾರು ಜನ ವರ್ಷಗಟ್ಟಲೆ ಕೂತು ಮಾಡಿದ ಆಟಗಳು. ಆ ಕಡೆಯದೊಂದು, ಈ ಕಡೆಯದೊಂದು, ಎರಡನ್ನೂ ಕೊನೆಯವರೆಗೆ ಆಡಿ ಅಕ್ಕಪಕ್ಕ ಇಟ್ಟು ತೂಗುವುದು. ತೀರ್ಪು ನನಗೆ ಈಗಲೇ ಗೊತ್ತಿದೆ. ಪಶ್ಚಿಮ. ಆ ವಿಸ್ತಾರ, ಆ ಬೆಳಕು, ಕುದುರೆ ಓಡುವಾಗ ತೊಡೆಯ ಸ್ನಾಯು ಅದುರುವುದು! ಜಪಾನಿನವರು ಇನ್ನೂ ಗೊಂಬೆ ಕಣ್ಣಿನ ಹುಡುಗಿಯರನ್ನು ಕುಣಿಸುತ್ತಿದ್ದಾರೆ.

ಒಂದೇ ತೊಂದರೆ. ದೀಪಾವಳಿ ಮುಗಿಸಿ ನನ್ನ ಗಂಡ ಬಸುವಿನ ಅಮ್ಮ ರಾಣೆಬೆನ್ನೂರಿನಿಂದ ಬಂದಿದ್ದಾರೆ. ಮಾವ ತೀರಿಕೊಂಡು ವರ್ಷವಾಗುತ್ತ ಬಂತು, ಅಮ್ಮ ಒಬ್ಬರೇ ಬೇಡ ಎಂದು ಬಸು ಕರೆಸಿದ. ಬಸು ಬೆಳ್ಳಂದೂರಿನ ಆಫೀಸಿಗೆ ಹೋಗಿಬಿಡುತ್ತಾನೆ. ಆ ಅಮ್ಮ ಇಡೀ ದಿನ ಹಾಲ್‌ನಲ್ಲಿ, ಟಿವಿಯ ಎದುರಿನ ಸೋಫಾದಲ್ಲಿ ಕೂತು ಬತ್ತಿ ಹೊಸೆಯುತ್ತಾರೆ. ಹೂಡಿಯಲ್ಲಿ ಇಷ್ಟು ಬಾಡಿಗೆ ಕೊಟ್ಟೂ ನನಗೊಂದು ಬೇರೆ ಕೋಣೆಯಿಲ್ಲ.

ನವೆಂಬರ್ 7, ಶುಕ್ರವಾರ

ರೆಕಾರ್ಡಿಂಗ್ ಪೂರ್ತಿ ಹಾಳು. ಜಪಾನಿನ ಆಟದಲ್ಲಿ ಮೊದಲ ದೊಡ್ಡ ಕಾಳಗ. ಗುಹೆಯಲ್ಲಿ ಮೊಟ್ಟೆ ಕಾಯುತ್ತ ಮಲಗಿರುವ ಸರ್ಪ. ನಾನು ಉಸಿರು ಬಿಗಿಹಿಡಿದು ಕತ್ತಿ ಬೀಸುತ್ತಿದ್ದರೆ ಹಿಂದಿನಿಂದ ಅತ್ತೆಯ ದನಿ ಬಂತು.

“ಪಾಪ, ಬಾಣಂತಿ ಐತಿ. ಬಿಡವಾ.”

ಬಿಟ್ಟರೆ ಆಟ ಮುಂದೆ ಹೋಗುವುದಿಲ್ಲ ಎಂದು ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಸರ್ಪ ಸತ್ತಾಗ ಹಾಡೊಂದು ಬಂತು, ಅದರ ಹೆಸರು ತೆರೆಯ ಮೇಲೆ ಮೂಡಿತು. ಹೆಸರಿಟ್ಟು ಕೊಂದಾರಲ್ಲ, ಅಷ್ಟರ ಮಟ್ಟಿಗೆ ಮರ್ಯಾದಿಯವರು ಅಂದರು. ಆಮೇಲೆ ನಾಯಕಿ ಮನೆಯೊಂದರ ಹೊಸ್ತಿಲಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಹೋದಾಗ ಈ ಜಪಾನಿನವರು ನಮ್ಮ ಪೈಕಿ ಎಂದೇ ಅತ್ತೆ ತೀರ್ಮಾನಿಸಿದರು.

ಹೊಸ ಮೈಕು ತುಂಬ ಸೂಕ್ಷ್ಮ. ಇವರ ಪ್ರತಿ ‘ಪಾಪ’ವನ್ನೂ ಹಿಡಿದುಬಿಟ್ಟಿದೆ.

ನವೆಂಬರ್ 10, ಸೋಮವಾರ

ಅತ್ತೆಗೆ ಮೈಕಿನ ಪಾಠ ಮಾಡಿದೆ. ಹಸಿರು ದೀಪ ಇದ್ದರೆ ಇದು ಕೇಳಿಸಿಕೊಳ್ಳುತ್ತದೆ, ಆಗ ಮಾತಾಡಬೇಡಿ. ಕೆಂಪು ಇದ್ದರೆ ಬಂದ್, ಏನು ಬೇಕಾದರೂ ಆಡಿ. ಅವರು ಒಲೆಯ ಮೇಲಿನ ಹಾಲನ್ನು ನೋಡುವ ಹಾಗೆ ಅದನ್ನೇ ನೋಡುತ್ತ ಕೂತರು. ನಾನು ಗುಂಡಿ ಒತ್ತಿ ಕೆಂಪು ಮಾಡಿದ ಕೂಡಲೇ ಕಟ್ಟಿಕೊಂಡಿದ್ದ ಮಾತೆಲ್ಲ ಹೊರಗೆ. ನಗು ಬಂತು. ಮನೆಯಲ್ಲಿ ನಾನು ನಕ್ಕು ಎಷ್ಟು ದಿನವಾಗಿತ್ತೋ.

ಪಶ್ಚಿಮದ ಆಟದ ಬಲವನ್ನು ಇವತ್ತು ಟಿಪ್ಪಣಿ ಮಾಡಿಕೊಂಡೆ. ಯಾವ ಬೆಟ್ಟ ಕಂಡರೂ ಹತ್ತಬಹುದು. ಯಾವ ಬಾಗಿಲಾದರೂ ತೆರೆಯಬಹುದು. ದಾರಿಗಳ್ಳರನ್ನು ಕೊಂದರೆ ಪ್ರತಿ ಹೆಣದ ಕಿಸೆಯನ್ನೂ ತಡಕಬಹುದು. ಒಬ್ಬನ ಹತ್ತಿರ ಬಾಣ, ಒಬ್ಬನ ಹತ್ತಿರ ಮುಲಾಮು, ಇನ್ನೊಬ್ಬನ ಹತ್ತಿರ ರೊಟ್ಟಿ. ಯಾರ ಕಣ್ಣಿಗೂ ಬೀಳದ ಕಡೆಯಲ್ಲೂ ಕೆಲಸ ಮಾಡಿಟ್ಟಿದ್ದಾರೆ. ನಾನಂತೂ ಒಂದು ಹೆಣವನ್ನೂ ಬಿಡುವುದಿಲ್ಲ.

ನವೆಂಬರ್ 12, ಬುಧವಾರ

ಇವತ್ತು ಮಧ್ಯಾಹ್ನ ಅದೇ ಆಟ. ಒಬ್ಬನನ್ನು ಬೀಳಿಸಿ ಅಂಗಿ ತಡಕುತ್ತಿದ್ದೆ. ಆಟದ ನಾಯಕ ಏನು ಹುಡುಕುತ್ತಿದ್ದಾನೆ ಎಂದು ಅತ್ತೆ ಕೇಳಿದರು. ಕಿಸೆಯಲ್ಲಿ ಏನಾದರೂ ಇದ್ದರೆ ತಗೋತಾನೆ ಅಂದೆ. ಅವರು ಬತ್ತಿ ಹೊಸೆಯುವುದು ನಿಲ್ಲಿಸಿ, ನನ್ನ ಬೆನ್ನಿಗೆ ಮರೆಯಾಗಿದ್ದ ಮೈಕಿನ ಕಡೆ ಕತ್ತು ಚಾಚಿದರು.

“ಇದು ಬಂದ್ ಐತೇನು?”

“ಹ್ಞೂಂ, ಬಂದ್ ಇದೆ,” ಅಂದೆ. ಎದುರಿನಿಂದ ಇನ್ನಿಬ್ಬರು ಕುದುರೆಯ ಮೇಲೆ ಬರುತ್ತಿದ್ದರು.

“ನಾನೂ ಕೈ ಹಾಕೇನಿ, ಮಂಜು. ನಿಮ್ಮ ಮಾವನ ಕಿಸೆದಾಗ.”

ಆಟ ನಿಲ್ಲಿಸಿದೆ. ಮಾವ ತೀರಿಕೊಂಡ ದಿನ ಬೆಳಗ್ಗೆ ಧಾರವಾಡ ಪೇಡೆ ಬೇಕೆಂದು ಹಟ ಮಾಡಿದ್ದರಂತೆ. ಸಕ್ಕರೆ ಕಾಯಿಲೆಯವರು. ಅತ್ತೆ ಡಬ್ಬಿಯನ್ನು ಮೇಲಿನ ಅಟ್ಟಣಿಗೆಗೆ ಏರಿಸಿ, ಸಾಯುವ ತನಕ ನಿಮಗೆ ಬಾಯಿ ಚಪಲ ಬಿಡುವುದಿಲ್ಲ ಎಂದು ಬೈದರಂತೆ. ಮಧ್ಯಾಹ್ನ ಎದೆನೋವು, ಸಂಜೆಗೆ ಎಲ್ಲ ಮುಗಿಯಿತು. ಆಸ್ಪತ್ರೆಯವರು ಬಿಚ್ಚಿದ ಅಂಗಿಯನ್ನು ಮಡಿಸಿ ಅತ್ತೆಯ ಕೈಗೆ ಕೊಟ್ಟರು. ಅದರ ಕಿಸೆಯಲ್ಲಿ, ಪೇಪರಿನ ಚೂರಿನಲ್ಲಿ ಸುತ್ತಿದ ಒಂದು ಪೇಡೆ. ಸ್ಟೂಲು ಹತ್ತಿ ತೆಗೆದಿರಬೇಕು. ಆ ಹತ್ತಿ ಇಳಿದದ್ದಕ್ಕೇ ಎದೆ ಹಿಡಿಯಿತೋ ಏನೋ ಎಂಬುದು ಅವರನ್ನು ಇವತ್ತಿಗೂ ತಿನ್ನುತ್ತಿದೆ.

“ಚೆಲ್ಲಾಕ ಮನಸು ಬರಲಿಲ್ಲವಾ. ಬಾಗಲ ಹಿಂದ ನಿಂತು ತಿಂದೆ. ಸಿಹಿ ಇತ್ತು.”

ಚಹಾ ಮಾಡಿಕೊಟ್ಟೆ. ಕೈಗೆ ಕೈ ತಾಗಿದಾಗ ಅವರು ಎಳೆದುಕೊಳ್ಳಲಿಲ್ಲ. ನನ್ನ ಸ್ವಂತ ಅಮ್ಮ ಕೂಡ ನನಗೆ ಇಂಥದ್ದೊಂದನ್ನು ಯಾವತ್ತೂ ಹೇಳಿಲ್ಲ.

ನವೆಂಬರ್ 14, ಶುಕ್ರವಾರ

ಎಡಿಟಿಂಗಿಗೆ ಕೂತಾಗ ಗೊತ್ತಾಯಿತು, ಬುಧವಾರ ಮೈಕು ಬಂದ್ ಆಗಿರಲೇ ಇಲ್ಲ. ಪೇಡೆಯ ಮಾತು ಪೂರ್ತಿ ಇದೆ, ಬತ್ತಿಯ ಹತ್ತಿ ಹಿಂಜುವ ಸದ್ದಿನ ಸಮೇತ.

ಅಳಿಸಬೇಕೆಂದೇ ಅಷ್ಟು ಭಾಗವನ್ನು ಗುರುತು ಮಾಡಿದೆ. ಆದರೆ ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ? ಜಪಾನಿನ ಆಟ ಕಣ್ಣೀರು ತರಿಸಲೆಂದೇ ಹಾಡು ಹಾಕುತ್ತದೆ. ಪಶ್ಚಿಮದ ಆಟ ಏನೂ ಹೇಳದೆ ಒಂದು ಕಿಸೆಯನ್ನು ಮುಂದಿಡುತ್ತದೆ, ನೋಡುವವರು ತಮ್ಮದನ್ನು ಅದರೊಳಗೆ ಕಾಣುತ್ತಾರೆ. ಇದೇ ನಿಜವಾದ ಬಲ. ಇದನ್ನು ನಾನು ಎಷ್ಟು ಚೆನ್ನಾಗಿ ಹೇಳಿದರೂ ಅವರ ದನಿಯ ಮುಂದೆ ಸಪ್ಪೆ. ಅವರ ಮುಖ ತೋರಿಸಿಲ್ಲ, ಹೆಸರು ಹೇಳಿಲ್ಲ. ‘ನಮ್ಮತ್ತೆ’ ಎಂದಷ್ಟೇ ಹಾಕಿದ್ದೇನೆ. ಶುರುವಿನ ಎರಡು ಮಾತು ಅನಗತ್ಯವಾಗಿತ್ತು, ಕತ್ತರಿಸಿದೆ.

ಆಟಗಳು ಮುಗಿಯುವವರೆಗೆ ಕಾಯದೆ, ಮೊದಲ ಭಾಗ ಎಂದು ಸಂಜೆ ವಿಡಿಯೋ ಹಾಕಿಯೂ ಆಯಿತು.

ನವೆಂಬರ್ 16, ಭಾನುವಾರ

ನೋಡಿದವರ ಲೆಕ್ಕ ಲಕ್ಷ ದಾಟಿತು! ಯಾರೋ ಪೇಡೆಯ ಭಾಗವನ್ನಷ್ಟೇ ಕತ್ತರಿಸಿ ಎಲ್ಲ ಕಡೆ ಹಂಚಿದ್ದಾರೆ. ಅತ್ತವರು, ಕೈ ಮುಗಿದವರು, ‘ಪೇಡೆ ಅಜ್ಜಿ’ ಎಂದು ಕರೆಯುವವರು. ಬೆಳ್ಳಂದೂರಿನ ಗೇಮ್ ಕಂಪನಿಯೊಂದು ಅತ್ತೆ-ಸೊಸೆ ಕೂತು ಆಡುವ ಸರಣಿ ಮಾಡೋಣ ಎಂದು ಬರೆದಿದೆ. ನನಗೆ ಮತ್ತೆ ಒಂದು ಕೆಲಸ ಎಂಬುದು ಸಿಗಬಹುದು.

ಬಸುಗೆ ಕಂಪನಿಯ ವಿಷಯ ಹೇಳಿದೆ, ಖುಷಿಪಟ್ಟ. ಅವನು ನನ್ನ ವಿಡಿಯೋ ನೋಡುವವನಲ್ಲ. ಅತ್ತೆಯ ಕೈಯಲ್ಲಿರುವುದು ಗುಂಡಿಯ ಫೋನು. ಕೆಲವರು ಕೆಟ್ಟದಾಗಿಯೂ ಬರೆದಿದ್ದಾರೆ, ಹೆಣದ ಕಿಸೆಯದ್ದು ತಿಂದಳಂತೆ ಎಂದು. ಅಂಥವರು ಎಲ್ಲ ಕಡೆ ಇರುತ್ತಾರೆ.

ನವೆಂಬರ್ 18, ಮಂಗಳವಾರ

ಕೆಳಗೆ ಭಾಗ್ಯಮ್ಮ ಸಿಕ್ಕರು. ನಮ್ಮ ಮನೆಯ ಮಾಲೀಕ ಚಿಕ್ಕಬೈರಪ್ಪನವರ ಹೆಂಡತಿ. ಈ ಬಿಲ್ಡಿಂಗ್ ಇರುವ ಜಾಗದಲ್ಲಿ ಮೊದಲು ಇವರ ರಾಗಿ ಹೊಲವಿತ್ತು. ತುಳಸಿಗೆ ನೀರು ಹಾಕುತ್ತಿದ್ದವರು ನನ್ನನ್ನು ತಡೆದು ನಿಲ್ಲಿಸಿದರು.

“ನಿಮ್ಮತ್ತೇದು ವೀಡ್ಯ ನೋಡ್ದೆ ಕಣಮ್ಮ. ದನಿ ಕೇಳುತ್ಲೇ ಗೊತ್ತಾತು. ಅಲ್ಲಾ, ಅಂಗೆಲ್ಲಾ ಹೇಳ್ಕೊಳಕ್ಕೆ ಅವ್ರು ಹೆಂಗೆ ಒಪ್ಕೊಂಡ್ರು?”

ಒಪ್ಪಿದ್ದಾರೆ ಎಂದು ತಲೆಯಾಡಿಸಿ ಮೆಟ್ಟಿಲು ಹತ್ತಿ ಬಂದೆ. ದನಿಯಿಂದಲೇ ಗುರುತು ಸಿಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಹೊಳೆದಿರಲಿಲ್ಲವೇ?

ಶನಿವಾರ ಅತ್ತೆ ರಾಣೆಬೆನ್ನೂರಿಗೆ ಹೊರಟಿದ್ದಾರೆ. ಅವರ ತಮ್ಮನ ಮಗಳು ಶೋಭಾರಾಣಿಯ ಕುಬಸ. ನಾವು ತುಮಕೂರಿನವರು ಸೀಮಂತ ಅನ್ನುತ್ತೇವೆ. ಇಡೀ ಬಳಗ ಸೇರುತ್ತದೆ, ಎಲ್ಲರ ಕೈಯಲ್ಲೂ ಫೋನು.

ನವೆಂಬರ್ 19, ಬುಧವಾರ

ಹೇಳಬೇಕು. ಅವರು ಹೊರಡುವ ಮೊದಲು ಹೇಳಲೇಬೇಕು.

ನವೆಂಬರ್ 20, ಗುರುವಾರ

ಮೂರು ಸಲ ಬಾಯಿ ತೆರೆದೆ. ಮೊದಲನೆಯ ಸಲ ಕುಕ್ಕರ್ ಕೂಗಿತು. ಎರಡನೆಯ ಸಲ ಅವರು ಕುಬಸಕ್ಕೆ ಒಯ್ಯಲಿರುವ ಹಸಿರು ಸೀರೆ ತೋರಿಸಿ, ಬಾರ್ಡರು ದಪ್ಪಾಯಿತೇನು ಎಂದು ಕೇಳಿದರು. ಮೂರನೆಯ ಸಲ, ಆವತ್ತಿನಿಂದ ಎದಿ ಹಗುರಾಗೈತಿ, ನಿನಗ ಹೇಳಿದ್ದು ಚಲೋ ಆತು ಅಂದರು. ಅದಾದ ಮೇಲೆ ಹೇಗೆ ಹೇಳುವುದು?

ವಿಡಿಯೋ ತೆಗೆದುಹಾಕಬಹುದು. ಆದರೆ ಕಂಪನಿಯವರು ಸೋಮವಾರ ಮಾತಾಡುತ್ತೇವೆ ಎಂದಿದ್ದಾರೆ. ಈಗ ತೆಗೆದರೆ ಅವರಿಗೆ ಏನು ತೋರಿಸುವುದು?

ಮನಸ್ಸು ಬೇರೆ ಕಡೆ ಹೋಗಲೆಂದು ಒಂದಿಷ್ಟು ಆಡಿದೆ. ಪಶ್ಚಿಮದ ಆಟದಲ್ಲಿ ಬಾಣ ಬೇಗ ತೀರಿಹೋಗುತ್ತದೆ. ಮೊದಲು ಹೀಗಿರಲಿಲ್ಲ.

ನವೆಂಬರ್ 22, ಶನಿವಾರ

ಹೋದರು. ಹೇಳಲಿಲ್ಲ.

ನವೆಂಬರ್ 24, ಸೋಮವಾರ

ಬಸು ಆಫೀಸಿನಿಂದ ಅರ್ಧಕ್ಕೇ ಬಂದ. ಊರಿನಿಂದ ಅವನ ಸೋದರಮಾವನ, ಅಂದರೆ ಶೋಭಾರಾಣಿಯ ಅಪ್ಪನ, ಫೋನು ಬಂದಿತ್ತಂತೆ. ಕುಬಸದಲ್ಲಿ ಬೀಗರ ಪೈಕಿ ಯಾರೋ ಅತ್ತೆಯ ಕೈಗೆ ಪೇಡೆ ಕೊಟ್ಟು, ಇದನ್ನೂ ಕಿಸೆಯೊಳಗೆ ಇಟ್ಟುಕೊಳ್ಳಿರಿ ಎಂದು ನಕ್ಕರಂತೆ. ಅತ್ತೆಗೆ ಅರ್ಥವಾಗಲಿಲ್ಲ. ಶೋಭಾರಾಣಿಯ ನಾದಿನಿ ಫೋನು ಹಿಡಿದು ತೋರಿಸಿದಳು. ಒಂದು ಪೇಡೆ ಕೊಟ್ಟಿದ್ದರೆ ಚನಬಸಪ್ಪ ಇವತ್ತಿಗೂ ಇರುತ್ತಿದ್ದ ಎಂದು ಹಿರಿಯರೊಬ್ಬರು ನನ್ನ ಮಾವನ ಹೆಸರು ಹಿಡಿದು ಎಲ್ಲರ ಎದುರು ಅಂದರಂತೆ. ಶೋಭಾರಾಣಿಗೆ ಹಸಿರು ಬಳೆ ತೊಡಿಸುವ ಮೊದಲೇ ಅತ್ತೆ ಎದ್ದು ಒಳಕೋಣೆಗೆ ಹೋದರು.

ಬಸು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಲ್ಯಾಪ್‌ಟಾಪಿನಲ್ಲಿ ವಿಡಿಯೋ ಹಾಕಿಸಿ ಪೂರ್ತಿ ನೋಡಿದ.

“ಅಪ್ಪನ ಕಿಸೆದಾಗ ಪೇಡೆ ಇತ್ತು ಅಂತ ಊರಿಗೆಲ್ಲ ಗೊತ್ತಾದ ಮ್ಯಾಲೆ ನನಗ ಗೊತ್ತಾತು, ಮಂಜು.”

ಅವ್ವ ಒಪ್ಪಿ ಹೇಳಿದ್ದಾ ಇದನ್ನು ಎಂದು ಕೇಳಿದ. ಹೌದು ಎನ್ನಲು ಬಾಯಿ ತೆರೆದೆ. ಅದರ ಬದಲು, ಕತ್ತರಿಸದ ಮೂಲ ರೆಕಾರ್ಡಿಂಗನ್ನೇ ಅವನ ಎದುರು ಹಾಕಿದೆ. ‘ಇದು ಬಂದ್ ಐತೇನು?’ ‘ಹ್ಞೂಂ, ಬಂದ್ ಇದೆ.’ ನನ್ನ ದನಿ ಅಷ್ಟು ಸಲೀಸಾಗಿದೆ. ಅಂದು ನಾನು ದೀಪದ ಕಡೆ ತಿರುಗಿಯೂ ನೋಡಿರಲಿಲ್ಲ. ಆ ಎರಡು ಮಾತನ್ನು ಅನಗತ್ಯ ಎಂದು ಇದೇ ಡೈರಿಯಲ್ಲಿ ಬರೆದಿದ್ದೇನೆ. ಅನಗತ್ಯ! ಕಳ್ಳಿ ಎಂದು ಬರೆದುಕೊಳ್ಳಬೇಕಿತ್ತು.

ವಿಡಿಯೋ ಅಳಿಸಿದೆ. ಕಂಪನಿಗೆ ಆಗುವುದಿಲ್ಲ ಎಂದು ಬರೆದೆ. ಬೇರೆಯವರು ಕತ್ತರಿಸಿ ಹಂಚಿದ್ದು ಹಾಗೇ ಓಡುತ್ತಿದೆ, ಅದಕ್ಕೆ ನನ್ನ ಕೈ ನಿಲುಕುವುದಿಲ್ಲ.

ನವೆಂಬರ್ 26, ಬುಧವಾರ

ಬಸುವಿನ ಅವ್ವ ಅಲ್ಲೇ ಉಳಿದುಬಿಡುತ್ತಾರೆ ಎಂದುಕೊಂಡಿದ್ದೆ. ಮಾವನ ವರ್ಷದ ಪೂಜೆ ಮಗನ ಮನೆಯಲ್ಲೇ ಎಂದು ಮೊದಲೇ ಮಾತಾಗಿತ್ತು, ಅದಕ್ಕಾಗಿ ಬಂದರು. ಬಸು ತಾನು ಹೋಗುವುದಿಲ್ಲ, ನೀನೇ ಕರೆದುಕೊಂಡು ಬಾ ಅಂದ.

ಯಶವಂತಪುರದಲ್ಲಿ ರೈಲು ಇಳಿದವರ ಕೈಚೀಲ ತೆಗೆದುಕೊಳ್ಳಲು ಹೋದೆ, ಕೊಡಲಿಲ್ಲ. ಮೆಟ್ರೋ ಹತ್ತಿದೆವು. ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಕೂತ ಮೇಲೆ ಶುರುಮಾಡಿದೆ. ಬಂದ್ ಇದೆ ಎಂದು ನೋಡದೆ ಹೇಳಿದ್ದು, ಆಮೇಲೆ ಗೊತ್ತಾಗಿಯೂ ಹಾಕಿದ್ದು, ಆ ಎರಡು ಮಾತು ಕತ್ತರಿಸಿದ್ದು, ಶನಿವಾರದ ಮೊದಲೇ ಹೇಳಬಹುದಾಗಿದ್ದಾಗ ಹೇಳದೆ ಕಳಿಸಿದ್ದು. ಯಾವುದನ್ನೂ ಬಿಡಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ಕಿವಿಯಿಂದ ಇಯರ್‌ಫೋನು ತೆಗೆದು ನನ್ನನ್ನೇ ನೋಡುತ್ತಿದ್ದಳು. ನೋಡಲಿ ಅನ್ನಿಸಿತು.

ಅವ್ವ ಕಿಟಕಿಯ ಕಡೆ ಮುಖ ಮಾಡಿದ್ದರು. ಬೈಯಪ್ಪನಹಳ್ಳಿ ದಾಟಿದ ಮೇಲೆ ಮಾತಾಡಿದರು.

“ಆ ಮಾತು ನಾ ನಿನಗ ಹೇಳಿದ್ನಿ, ಮಂಜು. ಬಸೂಗೂ ಹೇಳಿದ್ದಿಲ್ಲ.”

ಹೂಡಿಯಲ್ಲಿ ಕೈಚೀಲ ತಾವೇ ಎತ್ತಿಕೊಂಡು ಇಳಿದರು. ನಾನು ಸತ್ತವರ ಕಿಸೆಗಲ್ಲ, ಬದುಕಿರುವವರ ಕಿಸೆಗೆ ಕೈ ಹಾಕಿದೆ. ನಾಚಿಕೆಯಾಗುತ್ತಿದೆ. ಇದಕ್ಕೆ ಬೇರೆ ಚಂದದ ಪದ ಹುಡುಕುವುದಿಲ್ಲ.

ನವೆಂಬರ್ 29, ಶನಿವಾರ

ಅವ್ವ ಬತ್ತಿಯನ್ನು ಒಳಕೋಣೆಯಲ್ಲಿ ಕೂತು ಹೊಸೆಯುತ್ತಾರೆ. ಊಟಕ್ಕೆ ಕರೆದರೆ ಬರುತ್ತಾರೆ, ಉಪ್ಪು ಸರಿಯಿದೆಯೇ ಎಂದರೆ ಸರಿಯಿದೆ ಅನ್ನುತ್ತಾರೆ. ಹಾಲ್ ದಾಟಿಹೋಗುವಾಗ ಮೈಕಿದ್ದ ಮೇಜಿನ ಕಡೆ ಒಮ್ಮೆ ನೋಡಿ ಹೋಗುತ್ತಾರೆ. ಮೈಕನ್ನು ವಿಡಿಯೋ ಅಳಿಸಿದ ದಿನವೇ ಕಪಾಟಿನೊಳಗೆ ಇಟ್ಟಿದ್ದೇನೆ.

ಜಪಾನಿನ ಆಟದಲ್ಲಿ ಮುದಿ ತೋಳವೊಂದನ್ನು ಕೊಂದೆ. ಹಾಡು ಬಂತು, ಹೆಸರು ಮೂಡಿತು. ಹಿಂದಿನಿಂದ ಪಾಪ ಎನ್ನುವವರು ಇರಲಿಲ್ಲ. ಕಾಳಗವೇ ಪೂರ್ತಿಯಾಗಲಿಲ್ಲ ಎಂಬಂತಾಯಿತು.

ಡಿಸೆಂಬರ್ 2, ಮಂಗಳವಾರ

ಯಾರು ಬಲ ಎಂಬ ಟಿಪ್ಪಣಿಯನ್ನು ತೆಗೆದು ಓದಿದೆ. ಬೆಟ್ಟ, ಬೆಳಕು, ಕುದುರೆಯ ತೊಡೆ. ಯಾರು ಬರೆದದ್ದೋ ಅನ್ನಿಸುವಂತಿದೆ. ಆದರೂ ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಪಶ್ಚಿಮದ ಆಟದಲ್ಲಿ ಈಗ ಮೂರು ಹೆಜ್ಜೆಗೊಮ್ಮೆ ಸಾಯುತ್ತಿದ್ದೇನೆ. ಬಾಣವಿಲ್ಲ, ಮುಲಾಮಿಲ್ಲ, ಒಂದು ತುಂಡು ರೊಟ್ಟಿಯಿಲ್ಲ. ಇಷ್ಟು ದುಡ್ಡು ಸುರಿದವರು ಕೊನೆಯ ಭಾಗವನ್ನು ಸರಿಯಾಗಿ ತೂಗಿಯೇ ಇಲ್ಲ. ದೊಡ್ಡ ದೋಷ.

ಡಿಸೆಂಬರ್ 5, ಶುಕ್ರವಾರ

ನಿನ್ನೆ ಮಾವನ ವರ್ಷದ ಪೂಜೆ ಆಯಿತು. ಜಂಗಮರ ಪಾದಪೂಜೆ, ಊಟ, ಎಲ್ಲ ಸಾಂಗವಾಗಿ ನಡೆಯಿತು. ಫೋಟೋದ ಮುಂದೆ ಎಡೆ ಇಡುವಾಗ ಅವ್ವ ಒಂದು ಪೇಡೆ ಇಟ್ಟರು. ಬಸು ಅಡುಗೆಮನೆಗೆ ಹೋಗಿ ನಿಂತ. ನನಗೂ ಅಲ್ಲಿ ನಿಲ್ಲಲಾಗಲಿಲ್ಲ.

ಇವತ್ತು ಮಧ್ಯಾಹ್ನ ನಾನು ಪಶ್ಚಿಮದ ಆಟ ಆಡುತ್ತಿದ್ದಾಗ ಅವ್ವ ಹಾಲ್‌ಗೆ ಬಂದರು. ಮೇಜು ನೋಡಿದರು. ಕಪಾಟಿನಲ್ಲಿದೆ ಅಂದೆ. ಅವರು ಹೋಗಿ ಕಪಾಟು ತೆರೆದು ತಾವೇ ನೋಡಿದರು. ವೈರು ಬಿಚ್ಚಿದೆಯೇ ಎಂದು ಎತ್ತಿ ಹಿಡಿದು ನೋಡಿದರು. ಅದು ನನಗೆ ಆಗಬೇಕಾದದ್ದೇ. ಆಮೇಲೆ ಬಂದು ಸೋಫಾದಲ್ಲಿ ತಮ್ಮ ಜಾಗದಲ್ಲಿ ಕೂತು ಹತ್ತಿ ಬಿಡಿಸಿದರು.

ಒಬ್ಬ ದಾರಿಗಳ್ಳ ಎದುರಾದ. ಕೊನೆಯ ಬಾಣದಲ್ಲಿ ಹೇಗೋ ಬಿದ್ದ. ನಾನೂ ಸಾಯುವುದರಲ್ಲಿದ್ದೆ, ತೆರೆಯ ಮೂಲೆಯಲ್ಲಿ ಜೀವ ಎಷ್ಟಿದೆಯೆಂದು ತೋರಿಸುವ ಗೆರೆ ಒಂದು ಎಳೆಯಷ್ಟೇ ಉಳಿದಿತ್ತು.

“ಪಾಪ,” ಅಂದರು ಅವ್ವ.

ಹೆಣವನ್ನು ದಾಟಿ ಮುಂದೆ ಹೊರಟೆ.

“ಕಿಸೆ ನೋಡಲಿಲ್ಲಲ್ಲ?”

ಬೇಡ ಅವ್ವ, ಅಂದೆ. ಎಷ್ಟು ದಿನದಿಂದ ನೋಡುತ್ತಿಲ್ಲ ಎಂಬುದು ನನಗೇ ಆಗ ಗೊತ್ತಾಯಿತು.

“ನೋಡು. ಅವನೂ ಏನರ ತಿನ್ನಾಕ ಇಟ್ಕೊಂಡಿರ್ತಾನ.”

ಹಿಂದಿರುಗಿ ಬಗ್ಗಿ ಗುಂಡಿ ಒತ್ತಿದೆ. ಒಂದು ರೊಟ್ಟಿ ಇತ್ತು. ನನ್ನ ಬೆರಳು ಅಲ್ಲೇ ನಿಂತಿತು.

“ತಿನ್ನವಾ. ಕೆಡಸಬ್ಯಾಡ.”

ತಿಂದೆ. ಮೂಲೆಯ ಗೆರೆ ಸ್ವಲ್ಪ ತುಂಬಿತು. ಕಣ್ಣು ಮಂಜಾಗಿ ತೆರೆ ಕಾಣುತ್ತಿರಲಿಲ್ಲ. ಅವ್ವ ಬತ್ತಿ ಹೊಸೆಯುತ್ತಲೇ ಸಿಹಿ ಇತ್ತೇನು ಎಂದು ಕೇಳಿದರು.

ಹ್ಞೂಂ ಎಂದೆ. ಈ ಸಲ ತಿರುಗಿ, ಅವರ ಮುಖ ನೋಡಿ ಹೇಳಿದೆ.